ಮರಿಯನ್ನು ಎತ್ತಬಾರದು

ಜನವರಿ 5, ಭಾನುವಾರ, ಬೆಳಿಗ್ಗೆ 6.50

ಸಿಂಧನೂರಿನ ಕಾಯಂ ನಿವಾಸಿಯೂ, ಕನ್ನಡ ಉಪನ್ಯಾಸಕನೂ, ಸದ್ಯಕ್ಕೆ ಬುದ್ಧಿ ಸ್ಥಿಮಿತದಲ್ಲಿರುವವನೂ ಆದ ರಫೀಕ್ ಎಂಬ ನಾನು, ಯಾರ ಒತ್ತಾಯವೂ ಇಲ್ಲದೆ ಬರೆದುಕೊಡುವ ತಪ್ಪೊಪ್ಪಿಗೆ ಏನೆಂದರೆ— ಇಂದು ನಸುಕಿನಲ್ಲಿ ಹಾಲಿನ ಪಾತ್ರೆಯಿಂದ ಒಂದು ಲೋಟ ಹಾಲು ಕದ್ದೆ. ಅಷ್ಟೇ ನೀರು ಸುರಿದು ಸಾಕ್ಷ್ಯ ನಾಶ ಮಾಡಿದೆ. ಇದು ಈ ವಾರದ ಐದನೆಯ ಅಪರಾಧ.

ಅರ್ಜುಮಂದ್ ಚಹಾ ಗುಟುಕರಿಸಿ ನನ್ನ ಮುಖ ನೋಡಿದಳು.

"ಎಮ್ಮಿ ಏನರ ಕಾಲುವ್ಯಾಗ ಬಿದ್ದು ಬಂದೈತೇನ್ರಿ?"

ಹನ್ನೊಂದು ವರ್ಷದ ಸಂಸಾರ. ನನ್ನ ಹಾಸ್ಯ ಆಕೆಗೆ ಅಂಟಿದೆ. ಆಕೆಯ ಪ್ರಾಮಾಣಿಕತೆ ನನಗಿನ್ನೂ ಅಂಟಬೇಕು.

ಹಾಲು ಯಾರಿಗೆ? ನಮ್ಮ ಗೋಡೆಗೂ ಪಕ್ಕದ ಮನೆ ಯಂಕೋಬರ ಗೋಡೆಗೂ ನಡುವಿನ ಸಂದಿಯಲ್ಲಿ ಹಡೆದ ಬೀದಿನಾಯಿಗೆ. ಸಂದಿಯಲ್ಲಿ ಹಡೆದದ್ದಕ್ಕೆ ಹೆಸರು ಸಂಧಿ. ಮರಿ ಮೂರು— ಲೋಪ, ಆಗಮ, ಆದೇಶ. ಇಪ್ಪತ್ನಾಲ್ಕು ದಿನದವು. ಲೋಪನಿಗೆ ಬಾಲದ ತುದಿ ಇಲ್ಲ. ಆಗಮ ಊಟಕ್ಕೆ ಎಲ್ಲರಿಗಿಂತ ಮೊದಲು ಬರುತ್ತಾನೆ. ಆದೇಶ ಯಾರ ಆದೇಶವನ್ನೂ ಪಾಲಿಸುವುದಿಲ್ಲ. ವ್ಯಾಕರಣಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಹದಿನಾಲ್ಕು ವರ್ಷದ ಸರ್ವೀಸಿನಲ್ಲಿ ಸಿಕ್ಕಿರಲಿಲ್ಲ.

ನಾನು ಮಾತ್ರ ಮುಟ್ಟುವುದಿಲ್ಲ. ನಮಾಜಿಗೆ ಮುಂಚಿನ ವುಜೂ ಇರುತ್ತದಲ್ಲ, ಕೈಕಾಲು ಮುಖ ತೊಳೆದುಕೊಂಡದ್ದು— ಅದು ಕೆಡುತ್ತದೆ. ಓಣಿಗೆಲ್ಲ ಗೊತ್ತಿರುವ ಸಂಗತಿ.

"ಶುಕ್ರವಾರ ಒಂದ ದಿನ ಮಸೀದಿಗೆ ಹೋಗೋರಿಗೆ ಏಳೂ ದಿನ ವುಜೂ ಇರ್ತೈತೇನು?" ಎಂದು ಅರ್ಜು. ಆಕೆ ಐದು ಹೊತ್ತು ತಪ್ಪಿಸುವುದಿಲ್ಲ. ಆದರೂ ದಿನಾ ಮರಿಗಳನ್ನು ಎತ್ತಿ ಬುಟ್ಟಿಗೆ ಹಾಕುತ್ತಾಳೆ, ಕೈ ತೊಳೆಯುತ್ತಾಳೆ, ಬಳಗಾನೂರಿನ ಬಸ್ಸು ಹಿಡಿಯುತ್ತಾಳೆ. ಅಲ್ಲಿ ಶಾಲೆಯ ಟೀಚರು. ಆಕೆಯದು ಒಂದೇ ಷರತ್ತು: ಹೊಸ್ತಿಲ ಒಳಗೆ ನಾಯಿ ನಕ್ಕೋ, ಬೇಡವೇ ಬೇಡ.

ನಿನ್ನೆ ಯಂಕೋಬ ಬಂದಿದ್ದರು. ತಹಸೀಲ್ ಕಚೇರಿಯಿಂದ ರಿಟೈರಾಗಿ ಆರು ವರ್ಷವಾದರೂ ಮಾತಾಡಿದರೆ ನೋಟೀಸು ಓದಿದಂತಿರುತ್ತದೆ.

"ಸರ, ಮೂರಕ್ಕೂ ಮನಿ ಹುಡುಕ್ರಿ. ಒಂದು ಕೂಸಿಗೆ ಹಲ್ಲು ತಗುಲ್ತು ಅಂದ್ರ ಆ ಮರೀನ ಚೀಲದಾಗ ಹಾಕಿ ಕಾಲುವಿ ದಾಟಿಸಿ ಬರ್ತೀನಿ. ಆಮ್ಯಾಗ ನನ್ನ ಬೈಬ್ಯಾಡ್ರಿ."

ಒಪ್ಪಿದೆ. ಆದರೆ ಈ ಊರಲ್ಲಿ ಮಕ್ಕಳಿಲ್ಲದ ಮನೆ ಎಲ್ಲಿದೆ? ಮರಿಗೆ ಮನೆ ಬೇಕೆಂದರೆ ಅದಕ್ಕೆ ಮೊದಲು ಮಕ್ಕಳು ಒಗ್ಗಬೇಕು.

ಜನವರಿ 8, ಬುಧವಾರ

ಪಶು ಆಸ್ಪತ್ರೆಯ ದುರುಗೇಶನಿಗೆ ಫೋನು ಮಾಡಿದೆ. ನನ್ನ ಹಳೆಯ ವಿದ್ಯಾರ್ಥಿ. ಕನ್ನಡದಲ್ಲಿ ಜಸ್ಟ್ ಪಾಸು, ದನಕರುಗಳಲ್ಲಿ ಫಸ್ಟ್ ಕ್ಲಾಸು.

"ಮೂರು ವಾರದಿಂದ ಮೂರು ತಿಂಗಳ ತನಕ ಸರ್. ಈ ಟೈಮಿನ್ಯಾಗ ಕಂಡಿದ್ದು ಅವಕ್ಕ ಜಲ್ಮ ಪೂರ್ತಿ ಉಳಿತೈತಿ. ಗುರ್ತಿಲ್ಲದ ಹುಡುಗರನ್ನೂ ತೋರಸ್ರಿ, ಆದ್ರ ಗದ್ದಲ ಮಾಡಬ್ಯಾಡ್ರಿ. ಹೆದರಿಕಿ ಆತಂದ್ರ ಅದೂ ಉಳಿತೈತಿ. ಮತ್ತ ಎಮ್ಮಿ ಹಾಲು ಹಾಕೀರಿ ಏನು? ಬ್ಯಾಡ್ರಿ, ಹೊಟ್ಟಿ ಕೆಡ್ತೈತಿ."

ಕದ್ದ ಹಾಲೆಲ್ಲ ಯಾಕೆ ಯಂಕೋಬರ ಗೋಡೆಯ ಬುಡಕ್ಕೆ ಹಳದಿಯಾಗಿ ಹರಿದಿತ್ತು ಅಂತ ಈಗ ತಿಳಿಯಿತು.

ಸಂಜೆ ಗೇಟಿಗೆ ನಿಯಮಾವಳಿ ಅಂಟಿಸಿದೆ. ದಪ್ಪ ಅಕ್ಷರದಲ್ಲಿ ಮೊದಲನೆಯದು: ಮರಿಯನ್ನು ಯಾರೂ ಎತ್ತಬಾರದು. ಮಲಗಿದ್ದನ್ನು ಎಬ್ಬಿಸಬಾರದು. ತಿನ್ನುವಾಗ ಹತ್ತಿರ ಹೋಗಬಾರದು. ಒಂದು ಸಲಕ್ಕೆ ಒಂದೇ ಮಗು— ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ, ಕೈ ಮೊಣಕಾಲ ಮೇಲಿಟ್ಟು ಕೂಡಬೇಕು. ಮರಿ ತಾನಾಗಿ ಬಂದರೆ ಬೆನ್ನು ಸವರಬಹುದು. ಅದು ಮುಖ ತಿರುಗಿಸಿದರೆ ಎದ್ದು ನಡೆಯಬೇಕು. ಸರದಿಗೆ ಚೀಟಿ. ಹೆಸರು ಕೂಗುವುದು ನಾನು. ಥೇಟು ಸರ್ಕಾರಿ ದವಾಖಾನೆಯ ಹೊರರೋಗಿ ವಿಭಾಗ, ಒಂದೇ ವ್ಯತ್ಯಾಸವೆಂದರೆ ಇಲ್ಲಿ ಡಾಕ್ಟರೇ ರೋಗಿಯನ್ನು ನೆಕ್ಕುತ್ತಾನೆ.

ಮರಿಗಳು ಬುಟ್ಟಿಯಲ್ಲಿ ಬರುತ್ತವೆ. ಬುಟ್ಟಿಗೆ ಹಾಕುವುದು, ತೆಗೆಯುವುದು ಅರ್ಜು. ಬುಟ್ಟಿ ಹೊರುವುದು ನಾನು. ಪಲ್ಲಕ್ಕಿ ಸೇವೆ.

ಜನವರಿ 11, ಶನಿವಾರ, ಸಂಜೆ

ಹೊಸ ರೋಗಿ. ಯಂಕೋಬರ ಮಹಡಿಗೆ ಲಿಂಗಸುಗೂರಿನಿಂದ ಬಂದು ಇಪ್ಪತ್ತು ದಿನವಾದ ಕುಟುಂಬದ ಮಗಳು. ತಾಯಿ ಸುಕನ್ಯಾ ಅಂಚೆ ಕಚೇರಿಯಲ್ಲಿ. ತಂದೆ ಹುಸೇನಪ್ಪ ಚಿನ್ನದ ಗಣಿಯಲ್ಲಿ ಪಾಳಿ ಕೆಲಸ, ಹದಿನೈದು ದಿನಕ್ಕೊಮ್ಮೆ ಬರುತ್ತಾನೆ. ಹುಡುಗಿಗೆ ಏಳು ವರ್ಷ. ಅಜ್ಜಿಯ ಹೆಸರು ಇಟ್ಟಿದ್ದಾರೆ: ಪಕೀರಮ್ಮ. ಲಿಂಗಸುಗೂರಿನಲ್ಲಿ ಶಾಲೆಯ ದಾರಿಯಲ್ಲಿ ನಾಯಿ ಅಟ್ಟಿಸಿಕೊಂಡು ಬಂದಿತ್ತಂತೆ. ಅಂದಿನಿಂದ ನಾಯಿ ಬೊಗಳಿದರೆ ಅಂಗಿ ಒದ್ದೆ.

ಹೊರಗಿನ ಮೆಟ್ಟಿಲಲ್ಲಿ, ಮೇಲಿನಿಂದ ಮೂರನೆಯದರಲ್ಲಿ, ಕಂಬಿ ಹಿಡಿದು ನಿಂತಿದ್ದಳು.

"ಪಕೀರಮ್ಮ, ಯಾಕಿಷ್ಟು ಫಿಕೀರಮ್ಮ?" ಎಂದೆ.

ಬಹಳ ಹೊತ್ತು ಯೋಚಿಸಿ ಕೇಳಿದಳು, "ಇದು ಜೋಕೇನ್ರಿ ಸರ್?"

ಕಾಲೇಜಿನಲ್ಲಿ ಮುನ್ನೂರು ಜನ ನಗುತ್ತಾರೆ ಇಂಥದಕ್ಕೆ.

"ಕೆಳಗ ಬಾ ಅನ್ನಂಗಿಲ್ಲ. ನಿನಗ ಬೇಕಾದಾಗ ಒಂದೊಂದು ಮೆಟ್ಟಿಲ ಇಳಿ," ಎಂದೆ. ಹೋಗುವಾಗ ನೋಡಿದರೆ ನಾಲ್ಕನೆಯ ಮೆಟ್ಟಿಲಲ್ಲಿದ್ದಳು.

ಜನವರಿ 14, ಮಂಗಳವಾರ, ಸಂಜೆ 6— ಮಸ್ಕಿಯಿಂದ ಬರುವ ಬಸ್ಸಿನಲ್ಲಿ

ಅಕ್ಷರ ಕುಣಿಯುತ್ತಿವೆ. ಮನಸ್ಸೂ.

ಬೆಳಿಗ್ಗೆ ಪಕೀರಮ್ಮ ಚಾಪೆಗೆ ಬಂದಳು. ಕೂತಳು. ಕೈ ಮೊಣಕಾಲ ಮೇಲೆ— ಬೆರಳು ಬಿಳಿಚುವಷ್ಟು ಒತ್ತಿ. ಅರ್ಜು ಆದೇಶನನ್ನು ದೂರದಲ್ಲಿ ಬಿಟ್ಟಳು. ಅವನು ಒಂದು ಸುತ್ತು ಹಾಕಿದ, ನನ್ನ ಚಪ್ಪಲಿ ಮೂಸಿದ, ಆಮೇಲೆ ಯಾರೋ ಕರೆದವರಂತೆ ನೇರ ಅವಳ ಹತ್ತಿರ ಹೋದ. ಕಿರುಬೆರಳು ಮೂಸಿದ. ಅವಳು ಉಸಿರಾಡಲಿಲ್ಲ.

"ಸರ್," ಪಿಸುಗುಟ್ಟಿದಳು, "ಇದು ನನ್ನ ಬೆರಳು ಓದಾಕತ್ತೈತಿ."

ಹದಿನಾಲ್ಕು ವರ್ಷ ಪಾಠ ಮಾಡಿದ್ದೇನೆ. ಇಂಥ ಒಂದು ವಾಕ್ಯ ನನ್ನ ಬಾಯಲ್ಲಿ ಬಂದಿಲ್ಲ.

ಮಧ್ಯಾಹ್ನ ಮಸ್ಕಿಯಲ್ಲಿ ಸಂಕ್ರಾಂತಿಯ ಹಾಸ್ಯ ಕಾರ್ಯಕ್ರಮ. ಇದನ್ನೇ ಬೆಳೆಸಿ ಹೇಳಿದೆ. "ಹನ್ನೊಂದು ಮಕ್ಕಳು, ಮೂರು ಮರಿ, ಸೊನ್ನೆ ಗೀರು. ನಮ್ಮ ಅಂಗಳದಾಗ ಮರಿಗೂ ಹೆದರಿಕಿಲ್ಲ, ಮಕ್ಕಳಿಗೂ ಹೆದರಿಕಿಲ್ಲ, ಮಾಸ್ತರಿಗಂತೂ ಹೆದರಿಕಿ ಅನ್ನೋ ಶಬ್ದದ ಸ್ಪೆಲ್ಲಿಂಗೂ ಗೊತ್ತಿಲ್ಲ." ಚಪ್ಪಾಳೆ. ಶಾಲು. ಮೈಸೂರು ಪೇಟ.

ಸಭೆಯಲ್ಲಿ ಲಿಂಗಸುಗೂರಿನ ಸುನೀಲ ಇದ್ದ. ಬಿ.ಎಡ್. ಗೆಳೆಯ. ಇಬ್ಬರು ಸಣ್ಣ ಮಕ್ಕಳು ಮನೆಯಲ್ಲಿ. "ಆ ಓದು ಬಲ್ಲ ಮರಿ ನನಗ ಬೇಕಲೇ," ಎಂದ. ಭಾನುವಾರ ಹೆಂಡತಿ ಮಕ್ಕಳ ಸಮೇತ ಬರುತ್ತಾನೆ. ನೋಡಿ ಒಪ್ಪಿಗೆಯಾದರೆ ಒಯ್ಯುತ್ತಾನೆ.

ಜನವರಿ 19, ಭಾನುವಾರ, ಸಂಜೆ 6.10

ಆದೇಶ ಪಕೀರಮ್ಮನ ಕೈಗೆ ಹಲ್ಲು ಹಾಕಿತು. ಎರಡು ತೂತು. ರಕ್ತ ಬಂತು.

ಮಲಗಿದ್ದ ಮರಿಯ ಕಿವಿ ಎಳೆದಳು. ಹೀಗಾಯಿತು. ನಿಯಮ ಮೊದಲೇ ಹೇಳಿತ್ತು.

ಸುನೀಲನ ಕುಟುಂಬ ಗೇಟಿನ ಹತ್ತಿರ ಬರುವುದಕ್ಕೂ ಅವಳು ಚೀರುವುದಕ್ಕೂ ಸರಿಹೋಯಿತು. ಅವನ ಮಕ್ಕಳು ಗೇಟು ದಾಟಲಿಲ್ಲ. ಚಹಾ ಕೂಡ ಕುಡಿಯಲಿಲ್ಲ.

ಸುಕನ್ಯಾ ಓಡಿ ಇಳಿದು ಬಂದರು. "ಏನಾತ್ರಿ ಸರ್?" ಕಿವಿ ಎಳೆದಳು ಎಂದೆ. ಯಂಕೋಬರೂ ಗೋಡೆಯ ಮೇಲಿಂದ ಬಗ್ಗಿದ್ದರು. ಹುಡುಗಿ ಅಳು ನಿಲ್ಲಿಸಿ ನನ್ನನ್ನು ನೋಡಿದಳು. ಬಾಯಿ ತೆರೆದಳು. ಅಷ್ಟರಲ್ಲಿ ತಾಯಿಯ ಕೈ ಬೆನ್ನ ಮೇಲೆ ಬಿತ್ತು. "ಸರ್ ಅಷ್ಟು ಸಲ ಹೇಳ್ಯಾರ. ಓದಾಕ ಬರ್ತೈತಿಲ್ಲೋ ನಿನಗ?"

ನಲ್ಲಿಯ ಕೆಳಗೆ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದೆವು. ಆಟೋ. ದವಾಖಾನೆ. ತೋಳಿಗೆ ಸೂಜಿ, ಆಮೇಲೆ ಗಾಯದ ಸುತ್ತಲೂ ಸೂಜಿ. ನಾನು ಬಾಗಿಲ ಹೊರಗೆ ನಿಂತಿದ್ದೆ. ಒಳಗಿನ ದನಿ ಹೊರಗೆ ಬರುತ್ತದೆ.

ಸೂಜಿಯ ಚೀಟಿ: ಇಂದು, 22, 26, ಫೆಬ್ರವರಿ 16.

ಅರ್ಜು ಬಳಗಾನೂರಿಗೆ ಮದುವೆಗೆ ಹೋಗಿದ್ದಳು. ಇನ್ನೂ ಬಂದಿಲ್ಲ.

ಜನವರಿ 22, ಬುಧವಾರ

ಎರಡನೆಯ ಸೂಜಿ. ಸುಕನ್ಯಾ ಕರೆದೊಯ್ದರು.

ಹತ್ತು ದಿನ ಮರಿಯ ಮೇಲೆ ಕಣ್ಣಿಡಬೇಕೆಂದು ದುರುಗೇಶ. ಆದೇಶನನ್ನು ಕಟ್ಟಿ ಹಾಕಿದ್ದೇವೆ. ಹಗ್ಗ ಕಚ್ಚುತ್ತಾ ಕೂತಿದ್ದಾನೆ. ಹತ್ತು ದಿನ ಮುಗಿದ ಮೇಲೆ ಕಾಲುವೆಯಾಚೆ ಬಿಟ್ಟುಬರುವುದೆಂದು ಯಂಕೋಬ ಓಣಿಯ ಸಮಕ್ಷಮ ತೀರ್ಪು ಕೊಟ್ಟರು. ಚೀಟಿ ಪದ್ಧತಿ ಬಂದ್. ಗೇಟಿನ ಹಾಳೆ ಯಾರೋ ಹರಿದಿದ್ದಾರೆ. ಮೊದಲ ಸಾಲು ಮಾತ್ರ ಉಳಿದಿದೆ.

ಅರ್ಜು ಬೆಳ್ಳುಳ್ಳಿ ಬಿಡಿಸುತ್ತಾ ಕೇಳಿದಳು.

"ಒಂದು ಮಾತು ಕೇಳ್ತೀನಿ. ಭಾನುವಾರ ಮರಿ ಮಲಗಿದ್ದು ಎಲ್ಲಿ?"

"ಬುಟ್ಟಿಯೊಳಗ. ನೀನ ಹಾಕಿ ಹೋಗಿದ್ದಿ."

"ಬುಟ್ಟಿ ಇದ್ದದ್ದು?"

"ನಮ್ಮ ಮೆಟ್ಟಿಲ ಕೆಳಗ."

"ಚಾಪಿ ಅಂಗಳದಾಗ. ನಾ ಊರಾಗ ಇಲ್ಲ. ಮತ್ತ ಮಲಗಿದ್ದ ಮರಿ ಚಾಪಿಗೆ ಹೆಂಗ ಬಂತು?"

"ಎದ್ದು ಬಂತು."

"ಎದ್ದು ಬಂದು ಮತ್ತ ಮಲಗ್ತು. ಆಮ್ಯಾಗ ಅಕಿ ಕಿವಿ ಎಳೆದ್ಲು."

"ಹೂಂ."

ಬೆಳ್ಳುಳ್ಳಿ ಸಿಪ್ಪೆ ಊದಿದಳು. ಮತ್ತೇನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಜನವರಿ 26, ಭಾನುವಾರ, ಮಧ್ಯಾಹ್ನ

ಬೆಳಿಗ್ಗೆ ಕಾಲೇಜಿನಲ್ಲಿ ಧ್ವಜಾರೋಹಣ. ನಿರೂಪಣೆ ನನ್ನದೇ. ಸತ್ಯ, ಸಂವಿಧಾನ, ಸಕಾರದ ಪ್ರಾಸ. ಪ್ರಿನ್ಸಿಪಾಲರು ಬೆನ್ನು ತಟ್ಟಿದರು. ಅದೇ ಬಿಳಿ ಅಂಗಿಯಲ್ಲಿ ದವಾಖಾನೆಗೆ ಹೋದೆ— ಸುಕನ್ಯಾಗೆ ಅಂಚೆ ಕಚೇರಿಯ ಧ್ವಜ ಇತ್ತು, ಮೂರನೆಯ ಸೂಜಿಗೆ ಕರೆದೊಯ್ಯಲು ನಾನೇ ಮುಂದೆ ಬಿದ್ದಿದ್ದೆ. ಒಳ್ಳೆಯವನಾಗಿ ಕಾಣಲು ಇಷ್ಟು ಸೋವಿ ಅವಕಾಶ ಯಾರು ಬಿಡುತ್ತಾರೆ.

ಬೆಂಚಿನಲ್ಲಿ ಕೂತಿದ್ದೆವು. ಅವಳ ಕೈಯಲ್ಲಿ ಶಾಲೆಯಲ್ಲಿ ಕೊಟ್ಟ ಕಾಗದದ ಬಾವುಟ. ಇನ್ನೊಂದು ಕೈಯಲ್ಲಿ ಪಟ್ಟಿ.

"ಸರ್."

"ಹೇಳವ್ವಾ."

"ನಾ ಕಿವಿ ಹಿಡಿದಿದ್ದಿಲ್ಲಲ್ರಿ? ನನ್ನ ಕೈ ಮೊಣಕಾಲ ಮ್ಯಾಲ ಇದ್ವು. ಇದ್ವಲ್ರಿ?"

ಜಗಳವಲ್ಲ. ದೂರೂ ಅಲ್ಲ. ತನಗೇ ಅನುಮಾನ ಬಂದಿದೆ. ನನ್ನನ್ನು ಸಾಕ್ಷಿ ಕೇಳುತ್ತಿದ್ದಾಳೆ.

ನಾನು ಹೇಳಿದ್ದು ಇಲ್ಲಿ ಬರೆಯಲೇಬೇಕು: "ಕಿವಿಮಾತು ಕೇಳದಿದ್ರ ಹಿಂಗ ಆಗೋದು."

ಅವಳು ಅದು ಜೋಕೇನು ಎಂದು ಈ ಸಲ ಕೇಳಲಿಲ್ಲ. ಬಾವುಟ ಮಡಚಿದಳು, ಬಿಚ್ಚಿದಳು.

ಆದದ್ದು ಇದು. 19ರಂದು ಬರೆದದ್ದು ಸುಳ್ಳು. ಯಾರೂ ಓದದ ಡೈರಿಗೂ ಸುಳ್ಳು ಹೇಳಿದವನು ನಾನೊಬ್ಬನೇ ಇರಬೇಕು. ಸುನೀಲ ಬಸ್‌ಸ್ಟ್ಯಾಂಡಿನಿಂದ ಫೋನು ಮಾಡಿದ, ಆಟೋ ಹತ್ತಿದೆವು ಎಂದ. ಅವರು ಗೇಟು ತೆರೆಯುವ ಹೊತ್ತಿಗೆ ಹೆದರುಪುಕ್ಕಲಿ ಹುಡುಗಿಯ ತೊಡೆಯ ಮೇಲೆ ಮರಿ ಆಡುತ್ತಿರಬೇಕು— ಫೋಟೋದಂಥ ದೃಶ್ಯ. ಪಕೀರಮ್ಮನನ್ನು ಕರೆದೆ. ಬಂದು ಕೂತಳು. ಆದೇಶ ಅನ್ನ ತಿಂದು ಬುಟ್ಟಿಯಲ್ಲಿ ಹೊಟ್ಟೆ ಮೇಲಾಗಿ ನಿದ್ದೆ. ಕರೆದೆ, ಏಳಲಿಲ್ಲ. "ಮಲಗ್ಯಾನ ಸರ್, ನಾಳಿ ಬರ್ತೀನಿ," ಎಂದಳು. ನಿಯಮ ಅವಳಿಗೆ ನೆನಪಿತ್ತು. ಆಟೋ ಸದ್ದು ಕೇಳಿತು. ಮರಿಯನ್ನು ನಾನೇ ಎತ್ತಿ ಅವಳ ತೊಡೆಯ ಮೇಲೆ ಇಟ್ಟೆ. ಅದು ಗಾಬರಿಬಿದ್ದು ಎದುರಿಗೆ ಸಿಕ್ಕಿದ್ದನ್ನು ಕಚ್ಚಿತು.

ಅಷ್ಟೇ. ಬರೆದಾಯಿತು. ನಾಳೆ ಸುಕನ್ಯಾಗೆ ಹೇಳುತ್ತೇನೆ.

ಜನವರಿ 30, ಗುರುವಾರ

ಹೇಳಲಿಲ್ಲ.

ಆದೇಶ ಆರೋಗ್ಯವಾಗಿದ್ದಾನೆ. ದುರುಗೇಶ ಬಂದು ನೋಡಿ ಹೋದ. ಯಂಕೋಬ ಹನ್ನೊಂದು ಗಂಟೆಗೆ ಅಕ್ಕಿಚೀಲ ತಂದರು. ವಳಕಮದಿನ್ನಿ ರಸ್ತೆಯಲ್ಲಿ, ಕಾಲುವೆಯಾಚೆ ಒಂದು ರೈಸ್ ಮಿಲ್ಲಿದೆ, ನುಚ್ಚು ಸಿಗುತ್ತದೆ, ಸಾಯುವುದಿಲ್ಲ ಎಂದರು. ಕೆಟ್ಟವರಲ್ಲ. ಕೊಟ್ಟ ಮಾತು ಉಳಿಸಿಕೊಳ್ಳುವವರು ಅಷ್ಟೇ. ಅರ್ಜು ಶಾಲೆಗೆ ಹೋಗಿದ್ದಳು. ಯಂಕೋಬರೇ ಎತ್ತಿ ಚೀಲಕ್ಕೆ ಹಾಕಿದರು. "ನೀವು ಮುಟ್ಟಬ್ಯಾಡ್ರಿ ಸರ, ನಿಮಗ ನಡಿಯಂಗಿಲ್ಲ," ಎಂದರು. ಮರ್ಯಾದೆಯಿಂದ.

ಸ್ಕೂಟರಿನ ಮುಂದೆ ಚೀಲ ಮಿಸುಕಾಡುತ್ತಿತ್ತು. ಸಂಧಿ ಓಣಿಯ ತಿರುವಿನವರೆಗೆ ಓಡಿ ನಿಂತಳು.

ಪಕೀರಮ್ಮ ಮೇಲಿನಿಂದ ಮೂರನೆಯ ಮೆಟ್ಟಿಲಲ್ಲಿದ್ದಳು. ಶುರುವಿನ ಜಾಗ.

ಒಂದು ವಾಕ್ಯ ಸಾಕಿತ್ತು. ವಾಕ್ಯ ಮಾಡುವುದೇ ನನ್ನ ಕಸುಬು.

ಫೆಬ್ರವರಿ 16, ಭಾನುವಾರ, ಸಂಜೆ 5

ಹದಿನೇಳು ದಿನ ಈ ಡೈರಿ ಮುಟ್ಟಿಲ್ಲ. ಲೋಪ ಅರ್ಜುವಿನ ಹೆಡ್‌ಮಿಸ್ಸಿನ ಮನೆಗೆ ಬಳಗಾನೂರಿಗೆ ಹೋದ. ಆಗಮ ಓಣಿಯ ಕಿರಾಣಿ ಅಂಗಡಿ ಸೇರಿದ. ಆಗಮನ, ನಿರ್ಗಮನ… ಬೇಡ.

ಇಂದು ಕೊನೆಯ ಸೂಜಿ. ದವಾಖಾನೆಗೆ ಸುಕನ್ಯಾ, ಪಕೀರಮ್ಮ, ನಾನು. ಅವಳನ್ನು ನರ್ಸು ಒಳಗೆ ಕರೆದೊಯ್ದಾಗ ಬೆಂಚಿನಲ್ಲಿ ಹೇಳಿದೆ. ತಯಾರಿ ಮಾಡಿಕೊಂಡಿದ್ದ ಪೀಠಿಕೆ ಮರೆತುಹೋಯಿತು.

"ಮೇಡಂ, ಅವತ್ತು ಅಕಿ ಕಿವಿ ಎಳೆದಿಲ್ಲ. ಮಲಗಿದ್ದ ಮರೀನ ನಾನ ಎತ್ತಿ ತೊಡಿ ಮ್ಯಾಲ ಇಟ್ಟೆ."

ಸುಕನ್ಯಾ ಚೀಟಿಯನ್ನೇ ನೋಡುತ್ತಿದ್ದರು.

"ಅವತ್ತ ಹೇಳಿದ್ಲು ಸರ್."

"ಯಾರು?"

"ಪಕೀರಿ. ಮೊದಲನೇ ಸೂಜಿ ಮಾಡಿಸ್ಕೊಂಡು ಹೋಗಿ ಮನ್ಯಾಗ ಕುಂತಾಗ. ಸರ್ ಎತ್ತಿ ಹಾಕಿದ್ರು ಅಂದ್ಲು. ಸರ್ ನಾಯಿ ಮುಟ್ಟಂಗ ಇಲ್ಲ, ಓಣಿಗೆಲ್ಲ ಗೊತ್ತೈತಿ, ದೊಡ್ಡೋರ ಮ್ಯಾಲ ಸುಳ್ಳು ಹೇಳ್ತಿ ಏನು ಅಂತ ಇನ್ನೊಂದೆರಡು ಕೊಟ್ಟೆ." ಚೀಟಿ ಮಡಚಿದರು. "ಸೂಜಿ ಚುಚ್ಚಿದ ತೋಳಿಗೇ ಬಿತ್ತು. ಆಮ್ಯಾಗ ಅಕಿ ಆ ಮಾತು ತಗಿಲಿಲ್ಲ."

ನಾನು ಸಾರಿ ಎಂದೆ. ಇಂಗ್ಲಿಷಿನಲ್ಲಿ. ಕನ್ನಡ ಉಪನ್ಯಾಸಕ.

"ನನಗ್ಯಾಕ ಹೇಳ್ತೀರಿ. ಅಕಿಗೆ ಹೇಳ್ರಿ."

ಪಕೀರಮ್ಮ ತೋಳು ಒತ್ತಿಕೊಂಡು ಹೊರಗೆ ಬಂದಳು. ಬಗ್ಗಿ ಹೇಳಿದೆ: ನಿನ್ನ ಕೈ ಮೊಣಕಾಲ ಮೇಲೇ ಇದ್ವು. ನಾನು ನೋಡಿದ್ದೆ.

ತಾಯಿಯ ಕಡೆ ತಿರುಗಿ ಕಣ್ಣಿಟ್ಟು ನೋಡಿದಳು. ಸುಕನ್ಯಾ ತಲೆ ತಗ್ಗಿಸಿದರು. ಆಮೇಲೆ ನನಗೆ, "ಯಂಕೋಬ ಅಜ್ಜಗೂ ಹೇಳ್ರಿ. ಆದೇಶನ್ನ ಕರ್ಕೊಂಡು ಬರಬೇಕು."

ಹೇಳಿದೆ. ಅವರ ಅಂಗಳದಲ್ಲಿ, ಅರ್ಜುವಿನ ಎದುರಿಗೆ. ಯಂಕೋಬ ಒಳಗೆ ಹೋಗಿ ಅದೇ ಅಕ್ಕಿಚೀಲ ತಂದು ನನ್ನ ಕೈಗೆ ಕೊಟ್ಟರು. ಅರ್ಜು ಅದನ್ನು ನನ್ನ ಕೈಯಿಂದ ತೆಗೆದು ಬುಟ್ಟಿ ಕೊಟ್ಟಳು. "ನಾನೂ ಬರಬೇಕಿತ್ತು. ಆದ್ರ ನೀವ ಹೋಗ್ರಿ," ಎಂದಳು. ಆ 'ನೀವ'ದಲ್ಲಿ ಎಲ್ಲ ಇತ್ತು.

ಆಟೋದಲ್ಲಿ ನಾವು ಮೂವರು— ಸುಕನ್ಯಾ, ಪಕೀರಮ್ಮ, ನಾನು. ಮಿಲ್ಲಿನ ಅಂಗಳದಲ್ಲಿ ಭತ್ತ ಗುಡಿಸುತ್ತಿದ್ದಾಕೆ, ಹಸೀನಾಬೀ ಅಂತ, ಪೊರಕೆ ನಿಲ್ಲಿಸಿ ಕೇಳಿದಳು, "ಆ ಕಂದು ಮರಿ ನಿಮ್ಮದೇನು? ಹದಿನೈದು ದಿನ ಆತು, ನನ್ನ ರೊಟ್ಟ್ಯಾಗ ಅರ್ಧ ಅದಕ್ಕ."

ತೌಡಿನ ಚೀಲಗಳ ಹಿಂದಿನಿಂದ ನೋಡುತ್ತಿತ್ತು. ಕಾಲು ಉದ್ದವಾಗಿವೆ. ಮೈಗೆಲ್ಲ ಧೂಳು. ನನ್ನನ್ನು ನೋಡಿ ಹಿಂದೆ ಸರಿಯಿತು.

ಪಕೀರಮ್ಮ ನೆಲದ ಮೇಲೆ ಕೂತಳು. ಚಕ್ಕಳಮಕ್ಕಳ. ಕೈ ಮೊಣಕಾಲ ಮೇಲೆ. ಕಚ್ಚಿಸಿಕೊಂಡ ಕೈಯೂ. ಒಂದು ಲಾರಿ ಲೋಡಾಗಿ ಹೋಯಿತು. ಅಷ್ಟು ಹೊತ್ತು. ಆಮೇಲೆ ಅವನು ಬಂದ— ಸೊಟ್ಟ ಸೊಟ್ಟ, ನಿಂತು ನಿಂತು— ಕಿರುಬೆರಳು ಮೂಸಿದ.

"ಮರ್ತಿಲ್ಲ," ಎಂದಳು ತಾಯಿಗೆ.

ಬುಟ್ಟಿ ತೆರೆದಿಟ್ಟೆ. ಎಲ್ಲರೂ ನನ್ನ ಕಡೆ ನೋಡಿದರು.

"ಸಣ್ಣೋರು ಎತ್ತಬಾರದು," ಪಕೀರಮ್ಮ ಹೇಳಿದಳು. "ನೀವ ಎತ್ರಿ ಸರ್. ಆದ್ರ ಅವತ್ತಿನಂಗ ಒಗಿಬ್ಯಾಡ್ರಿ."

ಒಗೆದದ್ದು. ಸರಿಯಾದ ಶಬ್ದ. 'ಇಟ್ಟೆ' ಎಂದು 26ರಂದು ಇಲ್ಲಿ ಬರೆದೆ. 'ಇಟ್ಟೆ' ಎಂದೇ ಇಂದು ಬೆಂಚಿನಲ್ಲೂ ಹೇಳಿದೆ. ತಪ್ಪೊಪ್ಪಿಗೆಯಲ್ಲೂ ಹಾಲಿಗೆ ನೀರು. ನಲವತ್ತೊಂದು ವರ್ಷದಲ್ಲಿ ನಾನು ಎತ್ತಿದ ಮೊದಲ ನಾಯಿ ಅದು. ಕೈಯಲ್ಲಿ ಹೊರಳಿತು. ಬಿಸಿ ಮೂತಿ ಮಣಿಕಟ್ಟಿಗೆ ತಾಗಿತು, ಗುರ್ ಎಂದಿತು. ಐದು ವಾರದ ಕೂಸು. ಹೆದರಿ ಕೈ ಜಾಡಿಸಿದೆ. ಹೋಗಿ ಅವಳ ಮೇಲೆ ಬಿತ್ತು.

ನಾಯಿ ಮುಟ್ಟದಿರಲು ವುಜೂ ಕಾರಣವಲ್ಲ, ಎಂದೂ ಆಗಿರಲಿಲ್ಲ. ದಪ್ಪ ಅಕ್ಷರದ ಮೊದಲ ನಿಯಮ ಮಕ್ಕಳಿಗಾಗಿ ಬರೆದದ್ದಲ್ಲ. ಮಸ್ಕಿಯ ಶಾಲು, ಪೇಟ ಅಲಮಾರಿಯಲ್ಲಿವೆ.

ಬಗ್ಗಿದೆ. ಅವಳು ತೋರಿಸಿಕೊಟ್ಟಳು— ಒಂದು ಕೈ ಎದೆಯ ಕೆಳಗೆ, ಒಂದು ಹಿಂಗಾಲ ಕೆಳಗೆ. ಕೈ ಚಾಚಿದೆ. ಆದೇಶ ಆಕಳಿಸಿದ. ಹಲ್ಲು ಕಂಡವು.

ಈಗ ಅಂಗಳದಲ್ಲಿ ಸಂಧಿ ಅವನನ್ನು ನೆಕ್ಕುತ್ತಿದ್ದಾಳೆ. ಅರ್ಜು ಕೇಳಿದಳು, "ಎತ್ತಿದ್ರೇನು?" ಹೂಂ ಎಂದೆ. ಪಕೀರಮ್ಮ ಅಲ್ಲೇ ನಿಂತಿದ್ದಳು, ಏನೂ ಅನ್ನಲಿಲ್ಲ. ಮಿಲ್ಲಿನಲ್ಲಿ ಎತ್ತಿದ್ದು ಅವಳು. ನಾನು ಹಸೀನಾಬೀಯ ಹಿಂದೆ, ಬುಟ್ಟಿಯ ಮುಚ್ಚಳ ಎದೆಗೆ ಹಿಡಿದುಕೊಂಡು—